ದಿನಾ ನಡದ್ರೂ ತೂಕ ಜಗ್ಗವಲ್ದು, ಓಡಾಕ ಹೋದ್ರ ಕಾಲೆಲುವು ನೋವು: ಮುಂದ ಹ್ಯಾಂಗ?

ಗುಮ್ಮಟದ_ಮಗ್ಗಲ, ವಿಜಯಪುರ

ಎಲ್ಲಾರಿಗೂ ನಮಸ್ಕಾರ್ರಿ. ವಯಸ್ಸು 41, ಎತ್ತರ 168 ಸೆಂ.ಮೀ., ತೂಕ 86 ಕೆ.ಜಿ., ಹೊಟ್ಟಿ ಸುತ್ತಳತಿ 102 ಸೆಂ.ಮೀ. ಕುಂತು ಮಾಡೂ ಕೆಲಸ. ಬಿಪಿಗೆ ದಿನಕ್ಕೊಂದು ಅಮ್ಲೋಡಿಪಿನ್ ಗುಳಿಗಿ ಐತಿ, ಶುಗರ್ ಇಲ್ಲ. ವಾರದಾಗ ಆರು ದಿನ ಮುಂಜಾನೆ 40 ನಿಮಿಷ ನಡೀತೀನಿ, ಫೋನಿನ್ಯಾಗ 3.2 ಕಿ.ಮೀ. ತೋರಸ್ತೈತಿ. ಆದ್ರ ತೂಕ ಜಗ್ಗವಲ್ದು. ಓಡಿದ್ರ ಲಗೂ ಇಳೀತೈತಿ ಅಂತಾರ, ಓಡಾಕ ಸುರು ಮಾಡಿದ ಮ್ಯಾಲ ಎರಡೂ ಕಾಲಿನ್ಯಾಗ ಮೊಣಕಾಲ ಕೆಳಗಿನ ಎಲುವು ನೋಯಾಕ ಹತ್ತೈತಿ.

ನಡಿಗೀನ ಹೆಚ್ಚು ಮಾಡ್ಲೋ, ಓಡ್ಲೋ? ನೋವಿದ್ರೂ ಓಡಬಹುದೇನು? ಊಟ ಅಂದ್ರ ಮಧ್ಯಾಹ್ನ ಮೂರು ರೊಟ್ಟಿ, ಪಲ್ಯಾ, ಎಣ್ಣಿ ಹಾಕಿದ ಶೇಂಗಾ ಹಿಂಡಿ, ಆಮ್ಯಾಲ ಅನ್ನ-ಸಾರು. ರಾತ್ರಿ 10ಕ್ಕ ಮತ್ತ ಅನ್ನ. ದಿನಕ್ಕ ನಾಕು ಚಹಾ. ಇದರಾಗ ಏನು ಕಡಿಮಿ ಮಾಡ್ಬೇಕು? ನಮ್ಮ ಊರಿನ ಬಿಸಲಾಗ ಎಷ್ಟೊತ್ತಿಗೆ ಹೋಗಬೇಕು? ತಿಳಿದವರು ಬಿಡಿಸಿ ಹೇಳ್ರಿ.

ಒಳಸುತ್ತು

ಮೊದಲು ಲೆಕ್ಕ ನೋಡೋಣ, ಆಮೇಲೆ ಓಟ.

ಸಮತಟ್ಟಾದ ನೆಲದಲ್ಲಿ ಒಂದು ಕಿ.ಮೀ. ನಡೆದರೆ, ಮೈತೂಕದ ಪ್ರತಿ ಕೆ.ಜಿ.ಗೆ ಸುಮಾರು ಅರ್ಧ ಕ್ಯಾಲರಿ ಖರ್ಚು. ಅಷ್ಟೇ ದೂರ ಓಡಿದರೆ ಸುಮಾರು ಒಂದು. ಸುಮ್ಮನೆ ಕೂತಿದ್ದರೂ ಆಗುತ್ತಿದ್ದ ಖರ್ಚನ್ನು ಕಳೆದು ಉಳಿದದ್ದು ಇದು. ಫೋನು, ವಾಚು, ಟ್ರೆಡ್‌ಮಿಲ್ ಎಲ್ಲ ಸಾಮಾನ್ಯವಾಗಿ ಆ ಕೂತ ಖರ್ಚನ್ನೂ ಸೇರಿಸಿ ತೋರಿಸುತ್ತವೆ, ಅದಕ್ಕೇ ಅಲ್ಲಿ ದೊಡ್ಡ ಸಂಖ್ಯೆ ಬರುತ್ತದೆ. ನಿಮ್ಮ 86 ಕೆ.ಜಿ., 3.2 ಕಿ.ಮೀ.ಗೆ ದಿನಕ್ಕೆ 138 ಕ್ಯಾಲರಿ. ಆರು ದಿನಕ್ಕೆ 825ರಷ್ಟು. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ಅಂದರೆ ಊಟದಲ್ಲಿ ಒಂದು ತುತ್ತೂ ಹೆಚ್ಚಾಗದಿದ್ದರೆ ಒಂದು ಕೆ.ಜಿ. ಇಳಿಯಲು ಒಂಬತ್ತು ವಾರದ ಮೇಲೆ ಬೇಕು. ನಡೆದು ಬಂದ ಹಸಿವಿಗೆ ಎರಡು ಮಿರ್ಚಿ ಭಜಿ ತಿಂದರೆ ಆ ದಿನದ್ದು ಪೂರ್ತಿ ವಾಪಸ್. ನಿಮ್ಮ ನಡಿಗೆ ಸೋತಿಲ್ಲ. ಅದರಿಂದ ತೂಕದಲ್ಲಿ ಎಷ್ಟು ಬರಬೇಕೋ ಅಷ್ಟೇ ಬಂದಿದೆ, ಉಳಿದದ್ದನ್ನು ತಟ್ಟೆ ಹಿಡಿದಿಟ್ಟಿದೆ. ತಟ್ಟೆಯ ವಿಚಾರ ಬೇರೆಯವರು ಬರೆಯಲಿ, ನಾನು ಕಾಲಿನದ್ದು ಹೇಳುತ್ತೇನೆ.

40 ನಿಮಿಷಕ್ಕೆ 3.2 ಕಿ.ಮೀ. ಅಂದರೆ ಗಂಟೆಗೆ 4.8 ಕಿ.ಮೀ. ಇದು ಸಂತೆಗೆ ಹೋಗುವ ನಡಿಗೆ. ಬಿರುಸು ಅಳೆಯಲು ವಾಚು ಬೇಡ: 15 ಸೆಕೆಂಡಿನಲ್ಲಿ ಎಷ್ಟು ಹೆಜ್ಜೆ ಬೀಳುತ್ತವೆ ಎಣಿಸಿ. 25 ಬಿದ್ದರೆ ನಿಮಿಷಕ್ಕೆ 100, ಅದು ಮಧ್ಯಮ ಶ್ರಮದ ಕೆಳಗಿನ ಗೆರೆ. ನಿಮಗೆ ಬೇಕಾದ್ದು 28ರಿಂದ 30. ಹೆಜ್ಜೆ ಉದ್ದ ಮಾಡಲು ಹೋಗಬೇಡಿ, ಹಿಮ್ಮಡಿ ಮುಂದೆ ಬಿದ್ದು ಬ್ರೇಕ್ ಹಾಕಿದಂತಾಗುತ್ತದೆ. ಹೆಜ್ಜೆ ಗಿಡ್ಡ, ಬೇಗ ಬೇಗ. ಮೊಣಕೈ ಮಡಚಿ ಕೈಯನ್ನು ಹಿಂದಕ್ಕೆ ಬೀಸಿ, ಕಾಲು ತಾನಾಗಿ ಚುರುಕಾಗುತ್ತದೆ. ಮಾತಾಡಲು ಬರಬೇಕು, ಹಾಡಲು ಬರಬಾರದು, ಆ ಉಸಿರಿನ ಮಟ್ಟ. ವಾರಕ್ಕೆ 5 ನಿಮಿಷದಂತೆ ಹೆಚ್ಚಿಸಿ 60 ನಿಮಿಷಕ್ಕೆ ತನ್ನಿ. ಗಂಟೆಗೆ 6 ಕಿ.ಮೀ. ಸಿಕ್ಕಿತೆಂದರೆ ದಿನಕ್ಕೆ 258 ಕ್ಯಾಲರಿ, ಈಗಿನದಕ್ಕಿಂತ 120 ಹೆಚ್ಚು. ಒಂದೇ ಸಲ ಆಗದಿದ್ದರೆ ಬೆಳಗ್ಗೆ 40, ರಾತ್ರಿ ಊಟದ ನಂತರ 20 ಮಾಡಿ, ಲೆಕ್ಕ ಅದೇ.

ಹತ್ತು ಸಾವಿರ ಹೆಜ್ಜೆಯ ಹಿಂದೆ ಬೀಳುವ ಅಗತ್ಯವಿಲ್ಲ. ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹಬ್ಬಿದ ಸಂಖ್ಯೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ನಿಮಿಷದ ಲೆಕ್ಕ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷ ಜೋರಿನ ಶ್ರಮ, ಜೊತೆಗೆ ಎರಡು ದಿನ ಸ್ನಾಯು ಬಲದ ಕಸರತ್ತು. ಈ ಕೊನೆಯದ್ದನ್ನು ಎಲ್ಲರೂ ಬಿಡುತ್ತಾರೆ, ಕಾಲು ಕೆಡುವುದೂ ಅಲ್ಲೇ.

ಈಗ ಓಟ. ನಡೆಯುವಾಗ ಪ್ರತಿ ಹೆಜ್ಜೆಗೆ ಕಾಲಿನ ಮೇಲೆ ಬೀಳುವುದು ಹೆಚ್ಚುಕಡಿಮೆ ಮೈತೂಕದಷ್ಟೇ ಭಾರ. ಓಡುವಾಗ ಅದು ಎರಡೂವರೆ ಪಟ್ಟು ಆಗುತ್ತದೆ. ನಿಮ್ಮ ಲೆಕ್ಕದಲ್ಲಿ ಪ್ರತಿ ಹೆಜ್ಜೆಗೆ 200 ಕೆ.ಜಿ. ದಾಟುತ್ತದೆ. ಉಸಿರು ಕೆಲವೇ ವಾರದಲ್ಲಿ ಪಳಗುತ್ತದೆ, ಎಲುಬು ಮತ್ತು ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ‘ಇನ್ನೂ ಓಡು’ ಅನ್ನುವ ಹೊತ್ತಿಗೆ ಎಲುಬು ಇನ್ನೂ ತಯಾರಾಗಿರುವುದಿಲ್ಲ. ನೋವು ಹುಟ್ಟುವುದು ಈ ಅಂತರದಲ್ಲಿ.

ಆದ್ದರಿಂದ ನೋವು ಪೂರ್ತಿ ಹೋಗಿ, 45 ನಿಮಿಷದ ಬಿರುಸು ನಡಿಗೆ ಸಲೀಸಾದ ಮೇಲೆ ಓಟಕ್ಕೆ ಕೈಹಾಕಿ. ವಾರಕ್ಕೆ ಮೂರೇ ದಿನ, ನಡುವೆ ಒಂದೊಂದು ದಿನ ಬಿಟ್ಟು. ಪ್ರತಿ ಸಲ ಮೊದಲು 10 ನಿಮಿಷ ನಡಿಗೆ, ಕೊನೆಗೆ 5 ನಿಮಿಷ ನಡಿಗೆ. ನಡುವೆ ಹೀಗೆ:

1–2ನೇ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ, 8 ಸಲ
3–4ನೇ ವಾರ: 2 ನಿಮಿಷ ಓಟ, 2 ನಿಮಿಷ ನಡಿಗೆ, 6 ಸಲ
5–6ನೇ ವಾರ: 3 ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, 6 ಸಲ
7–8ನೇ ವಾರ: 5 ನಿಮಿಷ ಓಟ, 1 ನಿಮಿಷ ನಡಿಗೆ, 5 ಸಲ

ಯಾವ ವಾರ ತ್ರಾಸಾಯಿತೋ ಆ ವಾರವನ್ನೇ ಮತ್ತೊಮ್ಮೆ ಮಾಡಿ. ಓಟದ ವೇಗ ಕಿ.ಮೀ.ಗೆ ಎಂಟೂವರೆ ನಿಮಿಷ ಸಾಕು. ಜಿಲ್ಲಾ ಕ್ರೀಡಾಂಗಣದ ಟ್ರ್ಯಾಕಿನಲ್ಲಾದರೆ ಒಳಗಿನ ಲೇನಿನ 400 ಮೀಟರ್ ಸುತ್ತಿಗೆ 3 ನಿಮಿಷ 20–25 ಸೆಕೆಂಡು. ಅದಕ್ಕಿಂತ ಬೇಗ ಮುಗಿದರೆ ಜೋರಾಯಿತು ಅಂತಲೇ ಅರ್ಥ. ಹೊರಗಿನ ಲೇನಿನಲ್ಲಿ ಓಡುವವರು ನೆನಪಿಡಿ: ಪ್ರತಿ ಲೇನಿಗೆ ಸುಮಾರು ಏಳೂಮುಕ್ಕಾಲು ಮೀಟರ್ ಹೆಚ್ಚುತ್ತಾ ಹೋಗಿ ಎಂಟನೇ ಲೇನಿನ ಸುತ್ತು 453 ಮೀಟರ್ ಆಗುತ್ತದೆ. ನಡೆಯುವವರು ಒಳಗಿನ ಎರಡು ಲೇನನ್ನು ಓಡುವವರಿಗೆ ಬಿಟ್ಟುಕೊಡಬೇಕು, ಮೂರು ಜನ ಸಾಲಾಗಿ ನಡೆಯುವುದು ಬೇಡ.

ನಾಡಿ_ನೋಡಿ

ಒಳಸುತ್ತು ಅವರು ಹೇಳಿದ್ದಕ್ಕೆ ಬಿಪಿ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಅಮ್ಲೋಡಿಪಿನ್ ತಗೊಳ್ಳುವ ಕೆಲವರಿಗೆ ಸಂಜೆ ಹೊತ್ತಿಗೆ ಪಾದ, ಹರಡು (ಕಾಲಿನ ಗಿಣ್ಣು) ಬಾಯುತ್ತವೆ. ಬೆಳಗ್ಗೆ ಸರಿಯಾಗಿದ್ದ ಬೂಟು ಸಂಜೆ ಬಿಗಿಯಾಗುತ್ತದೆ. ಅದನ್ನು ನಡಿಗೆಯಿಂದ ಬಂದ ಬಾವು ಅಂದುಕೊಂಡು ನಡಿಗೆ ಬಿಡಬೇಡಿ, ಗುಳಿಗೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ. ಮೆಟೊಪ್ರೊಲಾಲ್, ಅಟೆನೊಲಾಲ್ ಗುಂಪಿನ ಗುಳಿಗೆ ತಗೊಳ್ಳುವವರು ವಾಚಿನ ನಾಡಿಮಿಡಿತ ನೋಡಿ ಓಡಬಾರದು. ಆ ಗುಳಿಗೆ ಮಿಡಿತವನ್ನು ಏರಲು ಬಿಡುವುದಿಲ್ಲ, ಮೈ ದಣಿದಿದ್ದರೂ ವಾಚು ಆರಾಮ ಅನ್ನುತ್ತದೆ. ಅವರಿಗೆ ಒಳಸುತ್ತು ಹೇಳಿದ, ಮಾತಾಡಲು ಬರಬೇಕು, ಹಾಡಲು ಬರಬಾರದು ಅನ್ನುವ ಪರೀಕ್ಷೆಯೇ ಸರಿ.

ವಯಸ್ಸು 40 ದಾಟಿದೆ, ಬಿಪಿ ಇದೆ, ಇಷ್ಟು ದಿನ ಕೂತ ಕೆಲಸ. ಹೀಗಿದ್ದವರು ಬಿರುಸು ನಡಿಗೆಗೆ ಹೆದರಬೇಕಿಲ್ಲ, ಓಟಕ್ಕೆ ಮೊದಲು ಮಾತ್ರ ಒಮ್ಮೆ ವೈದ್ಯರನ್ನು ಕಾಣಬೇಕು. ಮಲಗಿಸಿ ತೆಗೆದ ಇಸಿಜಿ ಸರಿ ಇದ್ದ ಮಾತ್ರಕ್ಕೆ ಶ್ರಮದಲ್ಲೂ ಹೃದಯ ಸರಿ ಇದೆ ಎನ್ನಲಾಗದು. ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ತೆಗೆಯುವ ಇಸಿಜಿ) ಬೇಕೋ ಬೇಡವೋ ವೈದ್ಯರು ಹೇಳುತ್ತಾರೆ. ನಡೆಯುವಾಗ ಎದೆ ಹಿಂಡಿದಂತೆ, ದವಡೆಗೆ ಅಥವಾ ಎಡಗೈಗೆ ನೋವು ಹರಿದಂತೆ, ನಿಂತ ಕೂಡಲೇ ಕಡಿಮೆಯಾದಂತೆ ಅನ್ನಿಸಿದರೆ ‘ಗ್ಯಾಸ್’ ಅಂತ ಸುಮ್ಮನಾಗಬೇಡಿ. ಅವತ್ತೇ ತೋರಿಸಿ.

ಮೀನಖಂಡ

ಕಾಲಿನ ನೋವಿಗೆ ಬರ್ತೀನಿ. ಎಲ್ಲಿ ನೋಯ್ತದೆ ಅನ್ನೋದರ ಮೇಲೆ ಉತ್ತರ ಬದಲಾಗ್ತದೆ. ಕುರ್ಚಿ ಮೇಲೆ ಕೂತು, ಒಂದು ಕಾಲನ್ನು ಇನ್ನೊಂದರ ಮೇಲೆ ಇಟ್ಟು, ಹೆಬ್ಬೆರಳಿನಿಂದ ಎಲುಬಿನ ಒಳಅಂಚನ್ನು ಹರಡಿನಿಂದ ಮೇಲಕ್ಕೆ ಒತ್ತುತ್ತಾ ಹೋಗ್ರಿ.

ಒಳಅಂಚಿನ ಕೆಳಭಾಗದಲ್ಲಿ ನಾಲ್ಕು ಬೆರಳಗಲ ಅಥವಾ ಅದಕ್ಕಿಂತ ಉದ್ದಕ್ಕೆ ನೋವು ಹರಡಿದ್ದು, ಓಟದ ಶುರುವಿನಲ್ಲಿ ಹೆಚ್ಚಿದ್ದು, ಮೈ ಬಿಸಿಯಾದ ಮೇಲೆ ಕಡಿಮೆ ಆಗಿ, ನಿಲ್ಲಿಸಿದ ಮೇಲೆ ಮತ್ತೆ ಬರ್ತಿದ್ರೆ ಅದು ಶಿನ್ ಸ್ಪ್ಲಿಂಟ್ಸ್, ಅಂದ್ರೆ ಓಟದ ಭಾರಕ್ಕೆ ಎಲುಬಿನ ಅಂಚು ಕೆರಳಿದ್ದು. ಹೊಸದಾಗಿ ಓಡೋರಿಗೆ ಬರೋದು ಬಹಳಷ್ಟು ಇದೇ.

ಮುಂಭಾಗದ ಹೊರಗಡೆ, ಎಲುಬಿನ ಪಕ್ಕದ ಮಾಂಸದಲ್ಲಿ ಉರಿದಂತೆ ನೋವಿದ್ರೆ ಅದು ಪಾದ ಎತ್ತೋ ಸ್ನಾಯು ದಣಿದದ್ದು. ಬಿರುಸು ನಡಿಗೆ ಶುರು ಮಾಡಿದವರಿಗೂ ಬರ್ತದೆ, ಹೆಜ್ಜೆ ಉದ್ದ ಹಾಕೋರಿಗೆ ಇನ್ನೂ ಹೆಚ್ಚು. ಹೆಜ್ಜೆ ಗಿಡ್ಡ ಮಾಡಿದ್ರೆ ಕಡಿಮೆ ಆಗ್ತದೆ.

ಒಂದೇ ಬೆರಳ ತುದಿಯಷ್ಟು ಜಾಗದಲ್ಲಿ ಮುಟ್ಟಿದರೆ ಚುರ್ ಅಂದ್ರೆ, ರಾತ್ರಿ ಮಲಗಿದಾಗಲೂ ನೋಯ್ತಿದ್ರೆ, ಆ ಕಾಲಿನ ಮೇಲೆ ಕುಂಟಾಟದ ಹಾಗೆ ಜಿಗಿಯಾಕ ಆಗದಿದ್ರೆ ಎಲುಬಿನಲ್ಲಿ ಸಣ್ಣ ಬಿರುಕು ಇರಬಹುದು. ಓಟ ಅಲ್ಲಿಗೇ ನಿಲ್ಲಿಸಿ ಎಲುಬಿನ ಡಾಕ್ಟರಿಗೆ ತೋರಿಸ್ರಿ. ಮೊದಲ ಎರಡು ಮೂರು ವಾರ ಎಕ್ಸರೇಯಲ್ಲಿ ಆ ಬಿರುಕು ಕಾಣದೇ ಇರೋದು ಸಾಮಾನ್ಯ. ‘ಎಕ್ಸರೇ ನಾರ್ಮಲ್’ ಅಂತ ಮತ್ತೆ ಓಡಿ ಪೂರ್ತಿ ಮುರ್ಕೊಂಡೋರು ಇರ್ತಾರೆ. ಹಾಗೇ ಓಡುವಾಗ ಮೀನಖಂಡ ಕಲ್ಲಿನಂತೆ ಬಿಗಿದು ಪಾದ ಜೋಮು ಹಿಡಿದ್ರೂ ತೋರಿಸಬೇಕು.

ಶಿನ್ ಸ್ಪ್ಲಿಂಟ್ಸ್ ಆಗಿದ್ರೆ ಎರಡರಿಂದ ನಾಲ್ಕು ವಾರ ಓಟ ಬಂದ್. ನಡಿಗೆ ಬಂದ್ ಅಲ್ಲ. ನೋವನ್ನು ಹತ್ತಕ್ಕೆ ಅಳೆದರೆ ಎರಡು ದಾಟದಷ್ಟು ನಡೀರಿ, ಉಳಿದ ಹೊತ್ತು ಸೈಕಲ್ ತುಳೀರಿ. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ಲಿಗೆ ಹೇಳಿಕೊಡಬೇಕಾಗಿಲ್ಲ. ಓಡಿದ ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ ಇಟ್ರೆ ನೋವು ಇಳೀತದೆ, ವಾಸಿ ಮಾಡೋದು ಮಾತ್ರ ಕಸರತ್ತು. ನೋವಿನ ಗುಳಿಗೆ ನುಂಗಿ ಓಡೋದಂತೂ ಬೇಡವೇ ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದವು ಬಿಪಿ ಏರಿಸ್ತಾವೆ, ಬೆವರು ಹೋದ ಮೈಯಲ್ಲಿ ಕಿಡ್ನಿಗೂ ಭಾರ.

ಕಸರತ್ತು ದಿನ ಬಿಟ್ಟು ದಿನ ಹೀಗೆ ಮಾಡ್ರಿ. ಮೆಟ್ಟಿಲ ಅಂಚಿಗೆ ಮುಂಗಾಲು ಇಟ್ಟು ಹಿಮ್ಮಡಿ ಎತ್ತೋದು: ಎರಡು ಎಣಿಸೋ ತನಕ ಮೇಲೆ, ಮೂರು ಎಣಿಸೋ ತನಕ ಕೆಳಗೆ, 15 ಸಲದಂತೆ 3 ಸುತ್ತು. ಅದನ್ನೇ ಮೊಣಕಾಲು ಸ್ವಲ್ಪ ಮಡಚಿ ಇನ್ನೊಮ್ಮೆ, ಯಾಕಂದ್ರೆ ಒಳಗಿನ ಸ್ನಾಯುವಿಗೆ ಕೆಲಸ ಸಿಗೋದು ಆಗಲೇ. ಎರಡೂ ಕಾಲಿಂದ ಸಲೀಸಾದ ಮೇಲೆ ಒಂದೇ ಕಾಲಿಂದ. ಗೋಡೆಗೆ ಬೆನ್ನು ಕೊಟ್ಟು, ಪಾದ ಒಂದಡಿ ಮುಂದಿಟ್ಟು, ಬೆರಳು ಮೇಲೆತ್ತೋದು 20 ಸಲ, 3 ಸುತ್ತು. ಸೇತುಬಂಧಾಸನದಂತೆ ಸೊಂಟ ಎತ್ತೋದು 12 ಸಲ, 3 ಸುತ್ತು. ಕುರ್ಚಿಯಿಂದ ಕೈ ಊರದೆ ಏಳೋದು 10 ಸಲ, 3 ಸುತ್ತು. ಒಟ್ಟು 20 ನಿಮಿಷದ ಕೆಲಸ. ಒಂದೇ ಕಾಲಿಂದ ಹಿಮ್ಮಡಿ 20 ಸಲ ಎತ್ತಿ, ಅದೇ ಕಾಲಿನ ಮೇಲೆ 10 ಸಲ ನೋವಿಲ್ಲದೆ ಜಿಗಿಯಾಕ ಬಂದ್ರೆ ಮೊದಲ ವಾರದ ಓಟಕ್ಕೆ ಅಡ್ಡಿಯಿಲ್ಲ.

ಬೂಟು: ಸಂಜೆ ಹೊತ್ತು, ಓಡೋ ಕಾಲುಚೀಲ ಹಾಕ್ಕೊಂಡು ಹೋಗಿ ತಗೊಳ್ರಿ. ನಿಂತಾಗ ಉದ್ದನೆ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಬೇಕು. ಕೈಯಲ್ಲಿ ಹಿಡಿದು ಬಗ್ಗಿಸಿದ್ರೆ ಬೆರಳಿನ ಬುಡದಲ್ಲಿ ಬಗ್ಗಬೇಕು. ನಡುವಿನಲ್ಲಿ ಮಡಚಿಕೊಂಡ್ರೆ ಬಿಡ್ರಿ. ಒಂದು ಜೋಡಿ 500ರಿಂದ 800 ಕಿ.ಮೀ. ಬಾಳ್ತದೆ. ದಿನಕ್ಕೆ 5 ಕಿ.ಮೀ. ಅಂದ್ರೆ ನಾಲ್ಕೈದು ತಿಂಗಳು. ಮೇಲಿನ ಬಟ್ಟೆ ಹೊಸದರಂತೆ ಇದ್ದರೂ ಒಳಗಿನ ಫೋಮು ಕೂತುಬಿಟ್ಟಿರ್ತದೆ. ಹತ್ತಿ ಕಾಲುಚೀಲ ಬೆವರು ಹೀರಿ ಒದ್ದೆಯಾಗಿ ಬೊಬ್ಬೆ ಎಬ್ಬಿಸ್ತದೆ, ಪಾಲಿಯೆಸ್ಟರ್ ಮಿಶ್ರಣದ್ದು ತಗೊಳ್ರಿ.

ಗುಮ್ಮಟದ_ಮಗ್ಗಲ, ವಿಜಯಪುರ

ಒತ್ತಿ ನೋಡಿದೆ ಅಣ್ಣಾರ. ಒಳಗಿನ ಅಂಚಿಗೆ, ಗೇಣಿನ ಅರ್ಧದಷ್ಟು ಉದ್ದಕ್ಕ ನೋವೈತಿ, ಒಂದ ಕಡೆ ಅಂತ ಇಲ್ಲ. ರಾತ್ರಿ ಇರಂಗಿಲ್ಲ. ಓಟ ನಿಲ್ಲಿಸ್ತೀನಿ, ಹಿಮ್ಮಡಿ ಎತ್ತೂದು ಸುರು ಮಾಡ್ತೀನಿ. ಊಟದ್ದು ಯಾರರೆ ಹೇಳ್ರಿ.

ಬಿಳಿಜ್ವಾಳ, ಬಾಗಲಕೋಟೆ

ಊಟದ್ದು ನಾ ಹೇಳ್ತೀನ್ರಿ. ರೊಟ್ಟಿ ಬಿಡೂದು ಬ್ಯಾಡ. ಆದ್ರ ‘ರೊಟ್ಟಿ ತಿಂದ್ರ ದಪ್ಪ ಆಗೂದಿಲ್ಲ’ ಅನ್ನೂದೂ ಖರೆ ಅಲ್ಲ. ನೂರು ಗ್ರಾಂ ಜ್ವಾಳದ ಹಿಟ್ಟಿನ್ಯಾಗ 335ರ ಆಜುಬಾಜು ಕ್ಯಾಲರಿ, ಗೋಧಿ ಹಿಟ್ಟಿಗೂ ಹೆಚ್ಚುಕಡಿಮಿ ಅಷ್ಟ. ಜ್ವಾಳದಾಗ ನಾರು ಹತ್ತು ಗ್ರಾಂ, ಮ್ಯಾಲ ಬಡಿಯೂ ರೊಟ್ಟಿಗೆ ಎಣ್ಣಿ ಬೇಕಾಗಂಗಿಲ್ಲ, ಲಾಭ ಇರೂದು ಅಲ್ಲಿ. ಒಂದ್ ದಿನ ಹಿಟ್ಟಿನ ಉಂಡಿನ ತಕ್ಕಡಿ ಮ್ಯಾಲ ಇಟ್ಟು ನೋಡ್ರಿ. ಕೆಲವರ ಮನಿ ರೊಟ್ಟಿಗೆ ಒಣ ಹಿಟ್ಟು 40 ಗ್ರಾಂ, ಕೆಲವರ ಮನ್ಯಾಗ 70. ಮೂರು ರೊಟ್ಟಿ ಅಂದ್ರ 400 ಕ್ಯಾಲರಿನೂ ಆಗಬಹುದು, 700ನೂ ಆಗಬಹುದು. ಖಡಕ್ ರೊಟ್ಟಿ ತೆಳ್ಳಗ ಇರತಾವ ಅಂತ ಮುರಕೊಂಡು ಮುರಕೊಂಡು ಆರು ಹೋಗ್ತಾವ, ಅದೂ ಲೆಕ್ಕಕ್ಕ ಬರಬೇಕು.

ತೂಕ ನಿಲ್ಲಿಸಿರೂದು ರೊಟ್ಟಿ ಅಲ್ಲ, ಎಣ್ಣಿ. ಶೇಂಗಾ ಹಿಂಡಿ ದೊಡ್ಡ ಚಮಚ ಒಂದಕ್ಕ 80 ಕ್ಯಾಲರಿ ಆಗ್ತಾವ, ಅದರ ಮ್ಯಾಲ ಹಸಿ ಎಣ್ಣಿ ಹಾಕ್ಕೊಂತೀವಲ್ಲ, ಅದು ಎರಡು ಸಣ್ಣ ಚಮಚಕ್ಕ ಮತ್ತ 80. ಎಣ್ಣಿ ಬದಲಿ ಗಟ್ಟಿ ಮೊಸರಿನ್ಯಾಗ ಹಿಂಡಿ ಕಲಸ್ರಿ, ರೊಟ್ಟಿ ಜೋಡಿ ಅದೂ ರುಚಿನ ಐತಿ. ಅಡಗಿ ಎಣ್ಣಿ ಅಳಿಯಾಕ ಚಮಚ ಹಿಡೀಬ್ಯಾಡ್ರಿ, ಡಬ್ಬಿ ಲೆಕ್ಕ ಹಿಡೀರಿ. ನಾಕು ಮಂದಿ ಮನಿಗೆ ತಿಂಗಳಿಗೆ 4 ಲೀಟರ್ ಹೋಗ್ತಿದ್ರ ಅದನ್ನ ಎರಡೂವರಿ ಲೀಟರಿಗೆ ತರ್ರಿ. ಒಬ್ಬೊಬ್ಬರಿಗೂ ದಿನಕ್ಕ 100 ಕ್ಯಾಲರಿ ಉಳೀತೈತಿ, ಯಾರೂ ಉಪವಾಸ ಇರೂದು ಬ್ಯಾಡ.

ಚಹಾ ನಾಕು ಇರ್ಲಿ, ಸಕ್ಕರಿ ಎರಡು ಚಮಚ ಇದ್ದದ್ದು ಒಂದು ಮಾಡ್ರಿ, 80 ಉಳಿತು. ರಾತ್ರಿ ಅನ್ನ 8ರೊಳಗ ಮುಗಸ್ರಿ, ಅರ್ಧಕ್ಕ ಇಳಸ್ರಿ, 100 ಉಳಿತು. ಹಿಂಡಿ ಎಣ್ಣಿ 80, ಅಡಗಿ ಎಣ್ಣಿ 100. ಎಲ್ಲಾ ಕೂಡಿ 360. ಮ್ಯಾಲ ಬಿರುಸು ನಡಿಗಿಯ 120 ಸೇರಿದ್ರ 480. ವಾರಕ್ಕ 400 ಗ್ರಾಮಿಗಿಂತ ಸ್ವಲ್ಪ ಹೆಚ್ಚು ಇಳೀಬೇಕು. ಇದಕ್ಕಿಂತ ಅವಸರ ಮಾಡಿದ್ರ ಕೊಬ್ಬಿನ ಜೋಡಿ ಸ್ನಾಯುನೂ ಕರಗ್ತೈತಿ.

ಕಡಿಮಿ ಮಾಡೂದಷ್ಟ ಅಲ್ಲ, ಒಂದು ಹೆಚ್ಚೂ ಮಾಡಬೇಕು: ಪ್ರೋಟೀನ್. ನಿಮಗ ದಿನಕ್ಕ 70 ಗ್ರಾಂ ಬೇಕು. ಮೊಳಕಿ ಹೆಸರು ಅಥವಾ ಮಡಕಿಕಾಳಿನ ಉಸುಳಿ (ಒಣ ಕಾಳು 50 ಗ್ರಾಂ) ಮಾಡಿದ್ರ 11–12 ಗ್ರಾಂ, 50 ಗ್ರಾಂ ಕಡ್ಲಿಹಿಟ್ಟಿನ ಝುಣಕದಾಗ 11, ಮೊಸರು ದೊಡ್ಡ ಬಟ್ಟಲದಾಗ 6–7, ತತ್ತಿ ತಿನ್ನೋರಿಗೆ ಒಂದಕ್ಕ 6, ನಾಕು ರೊಟ್ಟಿಗೆ 20. ಝುಣಕಕ್ಕ ಎಣ್ಣಿ ಸುರಿದ್ರ ಮಾತ್ರ ಮತ್ತ ಮೊದಲಿನ ಕತಿ. ತಾಟಿನ್ಯಾಗ ಪಲ್ಯಾ, ಕಾಳು ಅರ್ಧ ಜಾಗಾ ಹಿಡೀಬೇಕು, ಸೌತಿಕಾಯಿ, ಮೆಂತೆ ಸೊಪ್ಪು, ಹಸಿ ಉಳ್ಳಾಗಡ್ಡಿ ಇರಬೇಕು. ಕರದಂಟು ಮನಿಗೆ ಬಂದ್ರ ಒಂದು ತುಂಡು ತಿನ್ರಿ, ಡಬ್ಬಿ ಕೈಗೆ ಸಿಗೂ ಹಂಗ ಇಡಬ್ಯಾಡ್ರಿ.

ನಸುಕಿನ_ಓಟ, ಬೆಳಗಾವಿ

ಖಾಲಿ ಹೊಟ್ಟೆಯಲ್ಲಿ ನಡೆದರೆ ಕೊಬ್ಬು ಬೇಗ ಕರಗುತ್ತದೆ, ಬಿಸಿನೀರು-ಲಿಂಬೆ-ಜೇನು ಕುಡಿಯಬೇಕು, ಜಾಕೆಟ್ ಹಾಕಿ ಬೆವರು ಇಳಿಸಬೇಕು ಅಂತ ಇಲ್ಲಿ ವಾಕಿಂಗ್ ಬರುವವರೆಲ್ಲ ಹೇಳುತ್ತಾರೆ. ಇದು ಸರಿಯೇ?

ಇನ್ನೊಂದು ಪ್ರಶ್ನೆ. ಅಮ್ಮನಿಗೆ 62, ಎರಡೂ ಮೊಣಕಾಲು ಸವೆದಿವೆ ಅಂದಿದ್ದಾರೆ. ನಡೆದರೆ ಇನ್ನೂ ಸವೆಯುತ್ತದೆ ಅಂತ ಮನೆಯಲ್ಲೇ ಕೂರುತ್ತಾರೆ.

ಒಳಸುತ್ತು

ಖಾಲಿ ಹೊಟ್ಟೆಯಲ್ಲಿ ನಡೆಯುವಾಗ ಆ ಒಂದು ಗಂಟೆ ಕೊಬ್ಬಿನ ಪಾಲು ಹೆಚ್ಚು ಉರಿಯುತ್ತದೆ, ನಿಜ. ಆದರೆ ಉಳಿದ 23 ಗಂಟೆಯಲ್ಲಿ ಅದು ಸರಿದೂಗುತ್ತದೆ. ತೂಕ ನೋಡುವುದು ದಿನದ ಒಟ್ಟು ಲೆಕ್ಕವನ್ನು. ಯಾವುದು ಒಗ್ಗುತ್ತದೋ ಹಾಗೆ ಹೋಗಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತಗೊಳ್ಳುವ ಶುಗರ್‌ನವರು ಮಾತ್ರ ಖಾಲಿ ಹೊಟ್ಟೆಯಲ್ಲಿ ಬಿರುಸಾಗಿ ಹೋಗಬಾರದು, ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಇರಲೇಬೇಕು. ಜೇನು ಒಂದು ದೊಡ್ಡ ಚಮಚಕ್ಕೆ 60 ಕ್ಯಾಲರಿ ಸೇರಿಸುತ್ತದೆ, ಯಾವ ಕೊಬ್ಬನ್ನೂ ಕರಗಿಸುವುದಿಲ್ಲ. ಜಾಕೆಟ್ಟಿನಿಂದ ಇಳಿಯುವುದು ನೀರು, ಎರಡು ಲೋಟ ಕುಡಿದರೆ ಮರಳಿ ಬಂತು. ಬೇಸಿಗೆಯಲ್ಲಿ ಅದು ಅಪಾಯ, ಯಾರಾದರೂ ಹಾಕಿಕೊಂಡಿದ್ದರೆ ಬಿಡಿಸಿ.

ಮೀನಖಂಡ

ಅಮ್ಮನವರನ್ನು ಕೂರಿಸಬ್ಯಾಡ್ರಿ. ಮೊಣಕಾಲಿನ ಕಾರ್ಟಿಲೇಜಿಗೆ ರಕ್ತನಾಳ ಇಲ್ಲ, ಒತ್ತಿ ಬಿಟ್ಟಾಗ ಒಳಗೆ ಹೊರಗೆ ಹರಿಯೋ ದ್ರವದಿಂದಲೇ ಅದಕ್ಕೆ ಪೋಷಣೆ. ಕೂತಷ್ಟೂ ತೊಡೆಯ ಸ್ನಾಯು ಸೊರಗಿ ಕೀಲಿನ ಮೇಲೆ ಭಾರ ಹೆಚ್ಚಾಗ್ತದೆ. 10 ನಿಮಿಷದಂತೆ ದಿನಕ್ಕೆ ಮೂರು ಸಲ, ಸಮ ನೆಲದಲ್ಲಿ. ನಿಮ್ಮ ಬೆಳಗಾವಿಯ ವ್ಯಾಕ್ಸಿನ್ ಡಿಪೋ ಮೈದಾನದ ಮರದ ಕೆಳಗಿನ ಮಣ್ಣಿನ ದಾರಿ ಒಳ್ಳೇದು, ಮಳೆಗಾಲದಲ್ಲಿ ಜಾರ್ತದೆ ಅನ್ನೋದು ನೆನಪಿರಲಿ. ನೋವು ಹತ್ತಕ್ಕೆ ಮೂರ್ನಾಲ್ಕರ ಒಳಗಿದ್ದು, ಮರುದಿನ ಬೆಳಗ್ಗೆ ಎಂದಿನಂತಾದ್ರೆ ಅಷ್ಟು ನಡಿಗೆ ಸರಿ. ಮರುದಿನ ಬಾತು ನೋವು ಹೆಚ್ಚಿದ್ರೆ ಅರ್ಧಕ್ಕೆ ಇಳಿಸ್ರಿ. ಕುರ್ಚಿಗೆ ದಿಂಬು ಹಾಕಿ ಎತ್ತರ ಮಾಡಿ, ಎದ್ದು ಕೂರೋದು 8 ಸಲ, ಎರಡು ಸುತ್ತು. ಸೀರೆ ಉಟ್ಟು ನಡೆಯೋರು ನಿರಿಗೆಯನ್ನು ಹರಡಿಗಿಂತ ಮೇಲೆ ಉಡಲಿ. ಚಪ್ಪಲಿ ಬೇಡ, ಬೆರಳು ಅದನ್ನು ಹಿಡಿದಿಟ್ಟುಕೊಳ್ಳೋದರಲ್ಲೇ ದಣೀತಾವೆ. ಮನೆಯ ಫರ್ಸಿ ಮೇಲೆ ಬರಿಗಾಲಲ್ಲಿ ಓಡಾಡಿ ಹಿಮ್ಮಡಿ ನೋವು ಬಂದಿದ್ರೆ ಒಳಗೂ ಮೆತ್ತನೆ ಚಪ್ಪಲಿ ಇರಲಿ.

ಕ್ವಾಟಿ_ಗ್ವಾಡಿ, ವಿಜಯಪುರ

ಬಿಸಿಲಿನ ಮಾತು ಉಳಿದಿದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ದಿನದಲ್ಲಿ ಎಲ್ಲಕ್ಕಿಂತ ತಂಪು ಸೂರ್ಯ ಹುಟ್ಟುವ ಹೊತ್ತು. ಮೇ ತಿಂಗಳಲ್ಲಿ ಐದೂಕಾಲಿಗೆ ಮನೆ ಬಿಟ್ಟು ಆರೂಮುಕ್ಕಾಲಿಗೆ ಮುಗಿಸಿಬಿಡಿ. ಸಂಜೆ ಬಿಸಿಲು ಇಳಿದರೂ ಡಾಂಬರು ರಸ್ತೆ, ಕಲ್ಲುಗೋಡೆ ಕಾದೇ ಇರುತ್ತವೆ, ಎಂಟರ ಮೊದಲು ಓಟ ಬೇಡ. ಸೆಕೆಗೆ ಮೈ ಒಗ್ಗಲು 10ರಿಂದ 14 ದಿನ ಹಿಡಿಯುತ್ತದೆ. ಸೆಕೆ ಏರುವ ಮೊದಲ ವಾರಗಳಲ್ಲಿ ಸಮಯ ಅದೇ ಇಟ್ಟುಕೊಂಡು ವೇಗ ಇಳಿಸಿ.

ಹೊರಡುವ ಒಂದೆರಡು ಗಂಟೆ ಮೊದಲು ಎರಡು ಲೋಟ ನೀರು ಸರಿ. ನಸುಕಿಗೆ ಏಳುವವರಿಗೆ ಅದು ಆಗದು, ಎದ್ದ ಕೂಡಲೇ ಒಂದು ಲೋಟ ಸಾಕು. 45 ನಿಮಿಷದ ನಡಿಗೆಗೆ ಬಾಟಲಿ ಬೇಕಿಲ್ಲ. ಎಷ್ಟು ಬೆವರಿತು ತಿಳಿಯಬೇಕಾದರೆ ಹೋಗುವಾಗ, ಬಂದ ಮೇಲೆ ತೂಕ ನೋಡಿ: ಅರ್ಧ ಕೆ.ಜಿ. ಇಳಿದಿದ್ದರೆ ಅರ್ಧ ಲೀಟರ್ ನೀರು ಹೋಗಿದೆ. ಬಂದು ಮಜ್ಜಿಗೆ ಕುಡಿಯಿರಿ. ಬಿಪಿ ಇದ್ದವರು ಅದಕ್ಕೆ ಉಪ್ಪು ಹಾಕುವುದು ಬೇಡ, ಜೀರಿಗೆ, ಕೊತ್ತಂಬರಿ ಸಾಕು. ತಲೆನೋವು, ವಾಕರಿಕೆ, ಬಿಸಿಲಲ್ಲೂ ಮೈ ಜುಮ್ಮೆಂದು ರೋಮ ನಿಲ್ಲುವುದು, ಇವು ಬಂದ ಕೂಡಲೇ ನಿಲ್ಲಿಸಿ ನೆರಳಿಗೆ ಹೋಗಿ. ಜೊತೆಗಿದ್ದವರು ತೊದಲಿದರೆ, ಗೊಂದಲದಲ್ಲಿದ್ದರೆ ಮೊದಲು ಮೈಮೇಲೆ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಜಾಗ: ಕ್ರೀಡಾಂಗಣ ಬೇಜಾರಾದರೆ ಭೂತನಾಳ ಕೆರೆ ಕಡೆ ಹೋಗಿ. ಮಳೆ ಬಿದ್ದ ಮರುದಿನ ಎರೆ ಮಣ್ಣಿನ ದಾರಿ ಬೇಡ. ಬೂಟಿಗೆ ಮಣ್ಣು ಮೆತ್ತಿ ಹರಡು ಉಳುಕುತ್ತದೆ. ನವೆಂಬರಿನಿಂದ ಕಬ್ಬು ನುರಿಸುವ ಹಂಗಾಮು. ನಸುಕಿನಲ್ಲಿ ಎರಡೆರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರುಗಳು ಬರುತ್ತವೆ, ಎಷ್ಟೋ ಟ್ರೇಲರಿಗೆ ಹಿಂದಿನ ದೀಪ ಇರುವುದಿಲ್ಲ, ಕಬ್ಬು ಪಕ್ಕಕ್ಕೆ ಚಾಚಿರುತ್ತದೆ. ಸೊಲ್ಲಾಪುರ ಹೆದ್ದಾರಿಯಂಥ ರಸ್ತೆಯನ್ನು ಆ ತಿಂಗಳುಗಳಲ್ಲಿ ಪೂರ್ತಿ ಬಿಡಿ. ಬೇರೆ ರಸ್ತೆಯಲ್ಲೂ ಬಲಗಡೆ, ಎದುರಿನ ವಾಹನ ಕಾಣುವಂತೆ ನಡೆಯಿರಿ, ತಿಳಿಬಣ್ಣದ ಅಂಗಿ ಹಾಕಿ, ಕಿವಿಗೆ ಏನೂ ಸಿಕ್ಕಿಸಿಕೊಳ್ಳಬೇಡಿ. ನಾಯಿ ಬೆನ್ನಟ್ಟಿದರೆ ಓಡಬಾರದು. ನಿಂತು, ಅದರ ಕಡೆ ಮುಖ ಮಾಡಿ, ನಿಧಾನಕ್ಕೆ ಹಿಂದೆ ಸರಿಯಿರಿ.

ಗುಮ್ಮಟದ_ಮಗ್ಗಲ, ವಿಜಯಪುರ

ಭಾಳ ಉಪಕಾರ ಆತ್ರಿ ಎಲ್ಲಾರದೂ. ಇನ್ನೆರಡ ಕೇಳ್ತೀನಿ. ತೂಕ ಯಾವಾಗ ನೋಡ್ಕೋಬೇಕು? ಮದುವಿ, ಜ್ವರ ಅಂತ ನಡುವ ತಪ್ಪಿದ್ರ ಎಲ್ಲಿಂದ ಸುರು ಮಾಡ್ಬೇಕು?

ಒಳಸುತ್ತು

ಬೆಳಗ್ಗೆ ಶೌಚದ ನಂತರ, ಏನೂ ಕುಡಿಯುವ ಮೊದಲು, ಅದೇ ತಕ್ಕಡಿ, ಅದೇ ಜಾಗ. ದಿನಾ ನೋಡಿ ಬರೆದಿಟ್ಟು ಏಳು ದಿನದ ಸರಾಸರಿ ತೆಗೆಯಿರಿ, ಒಂದು ವಾರದ ಸರಾಸರಿಯನ್ನು ಹಿಂದಿನ ವಾರದ್ದಕ್ಕೆ ಹೋಲಿಸಿ. ಒಂದು ದಿನದ ಏರಿಳಿತ ಒಂದು ಕೆ.ಜಿ. ತನಕ ಇರುತ್ತದೆ, ಅದೆಲ್ಲ ಉಪ್ಪು, ನೀರು. ಹೊಸ ಕಸರತ್ತು ಶುರುವಾದ ಮೊದಲ ವಾರಗಳಲ್ಲಿ ಸ್ನಾಯು ನೀರು ಹಿಡಿದು ತೂಕ ಏರಲೂಬಹುದು. ಸೊಂಟದ ಟೇಪು ಹದಿನೈದು ದಿನಕ್ಕೊಮ್ಮೆ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಟ್ಟನಡುವೆ, ಉಸಿರು ಸಹಜವಾಗಿ ಬಿಟ್ಟ ಮೇಲೆ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ.ನ ಕೆಳಗೆ ಬರಬೇಕು. ತೂಕ ಇಳಿದಂತೆ ಅದೇ ನಡಿಗೆಗೆ ಖರ್ಚೂ ಇಳಿಯುತ್ತದೆ, 78ಕ್ಕೆ ಬಂದಾಗ ಹತ್ತರಲ್ಲಿ ಒಂದು ಪಾಲು ಕಡಿಮೆ. ಆಗ 5 ನಿಮಿಷ ಸೇರಿಸಿ.

ಒಂದು ವಾರ ತಪ್ಪಿದರೆ ಬಿಟ್ಟ ಜಾಗದಿಂದಲೇ ಹಿಡಿಯಿರಿ. ಎರಡು ವಾರ ತಪ್ಪಿದರೆ ಪಟ್ಟಿಯಲ್ಲಿ ಎರಡು ವಾರ ಹಿಂದಕ್ಕೆ. ತಿಂಗಳು ದಾಟಿದರೆ ಮೊದಲ ವಾರದಿಂದ. ತಪ್ಪಿದ್ದನ್ನು ಒಂದೇ ದಿನ ಡಬಲ್ ಮಾಡಿ ತೀರಿಸಲು ಹೋಗಬೇಡಿ, ಎಲುಬಿನ ನೋವು ಮರಳುವುದು ಬಹುತೇಕ ಅವತ್ತೇ. ಜ್ವರ ಬಂದರೆ, ಗುಳಿಗೆ ಇಲ್ಲದೆ ಪೂರ್ತಿ ಒಂದು ದಿನ ಜ್ವರ ಇಲ್ಲದ ಮೇಲೆ 20 ನಿಮಿಷದ ಸಾದಾ ನಡಿಗೆಯಿಂದ ಶುರು ಮಾಡಿ, ಮೂರು ದಿನ ಅದು ಸರಿಹೋದರೆ ಮಾತ್ರ ಓಟ.